ಹೊಸಿಲಾಚೆಯ ಲೋಟ

ಎಗ್ಮೋರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಕ್ರೈಸ್ತರು. ಎಲ್ಲಿ ಕಾಯಿಲೆಯೋ ಅಲ್ಲಿಗೆ ಆರೈಕೆಗೆ ಹೋಗುತ್ತಿದ್ದರು. “ಕರ್ತರು ಕೆಲವರಿಗೆ ಹಾಡು ಕೊಟ್ರು, ನನಗೆ ಈ ಕೆಲಸ ಕೊಟ್ರು,” ಎನ್ನುತ್ತಿದ್ದರು. ಮಡಿವಂತೆ ಅಮ್ಮ ಅವರ ಕಾಫಿಗೆಂದೇ ಬೇರೆ ಲೋಟವನ್ನು ಹೊಸಿಲಾಚೆ ಇಟ್ಟಿದ್ದಳು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಮ್ಮನಿಗೇ ಕಾಲರಾ ಬಂತು. ಅಪ್ಪ ಡ್ಯೂಟಿಯಲ್ಲಿದ್ದರು. ಅಕ್ಕಪಕ್ಕದ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಅವಳನ್ನು ಮುಟ್ಟಲು ಹೆದರಿ, ಮಗಳಾದ ನಾನೂ ಗೋಡೆಗೆ ಒತ್ತಿ ನಿಂತಿದ್ದೆ.

ಆಂಟಿ ಬಂದರು. “ನಿಮ್ಮ ಪಾತ್ರೆ ಮುಟ್ಟಲ್ಲಮ್ಮಾ,” ಎಂದು ಹೊಸಿಲಾಚೆಯ ತಮ್ಮ ಲೋಟದಲ್ಲೇ ಉಪ್ಪು-ಸಕ್ಕರೆ ಬೆರೆಸಿದ ನೀರು ತಂದು, ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಆಂಟಿ, ನಿಮಗೆ ಭಯ ಇಲ್ವಾ?” ಎಂದು ಕೇಳಿದೆ.

“ಅಯ್ಯೋ, ಇಲ್ದೆ ಏನಮ್ಮಾ? ಕೆಲಸ ಕೊಟ್ರು, ಧೈರ್ಯ ಕೊಡ್ಲಿಲ್ಲ.”

ಅಮ್ಮ ಬೇಡವೆನ್ನದೆ ಕುಡಿಯುತ್ತಿದ್ದಳು. ಆಂಟಿಯ ಕೈ ನಡುಗಿ ನಡುಗಿ, ಲೋಟದ ಅಂಚು ಅಮ್ಮನ ಹಲ್ಲಿಗೆ ಟಕಟಕ ಬಡಿಯುತ್ತಿತ್ತು.