ಗುಂಡಿ ಡಬ್ಬಿಯ ಪದಕ

ನಜೀರ್ ಅಂಕಲ್ ಕಾರಿನ ಡಿಕ್ಕಿಯಲ್ಲಿ, ಹಿಮ ಒರೆಸುವ ಬ್ರಷ್ಷಿನ ಪಕ್ಕ, ಸದಾ ಒಂದು ಇಸ್ತ್ರಿಪೆಟ್ಟಿಗೆ ಇರುತ್ತಿತ್ತು. ಜೊತೆಗೊಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಸೂಜಿ, ದಾರ, ಷರ್ಟಿನ ಗುಂಡಿಗಳು. ಆ ಗುಂಡಿಗಳ ನಡುವೆ ಹಸಿರು, ಬಿಳಿ, ನೀಲಿ ಪಟ್ಟಿಯ ಒಂದು ಪದಕ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಅಮೆರಿಕದ ಸೈನ್ಯ ಸೇರಿದ್ದ ಮನುಷ್ಯ ಅವರು. ಹೊರದೇಶದ ಒಂದು ನೆಲೆಯಲ್ಲಿ, ಸತ್ತ ಸೈನಿಕರನ್ನು ಮನೆಗೆ ಕಳಿಸುವ ತಂಡದಲ್ಲಿದ್ದರು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಸೇರಿ ಮಾಡುತ್ತಿದ್ದ ಕೆಲಸ. ಪದಕ ಬಂದದ್ದು ಅದಕ್ಕೆ.

ಸೈನ್ಯ ಬಿಟ್ಟು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದರೂ ಆ ಕೆಲಸ ಅವರ ಬೆನ್ನು ಬಿಡಲಿಲ್ಲ. ನಮ್ಮ ಕನ್ನಡದವರಲ್ಲಿ ಯಾರೇ ತೀರಿಕೊಂಡು ದೇಹ ಊರಿಗೆ ಹೋಗಬೇಕಾದರೆ ಫೋನು ಹೋಗುತ್ತಿದ್ದದ್ದು ಅವರಿಗೇ. ಕಾನ್ಸುಲೇಟು, ಫ್ಯೂನರಲ್ ಹೋಮು, ಏರ್‌ಪೋರ್ಟಿನ ಕಾರ್ಗೋ, ಎಲ್ಲ ಅವರ ತಲೆಯ ಮೇಲೆ. ಸೀಕಾಕಸ್‌ನ ಗೋದಾಮಿನಲ್ಲಿ ದಿನವಿಡೀ ದುಡಿದು ಬಂದವರು, "ಹಾಂ, ಬರ್ತೀನಿ" ಎಂದು ಮತ್ತೆ ಕಾರು ಹತ್ತುತ್ತಿದ್ದರು. ಊದಿಕೊಂಡ ಅವರ ಕಣ್ಣು ನೋಡಿದರೆ ನಮಗೇ ನಿದ್ದೆ ಬರಬೇಕು.

ನಮ್ಮ ಜೊತೆ ಇರಲು ಬಂದಿದ್ದ ಅಪ್ಪ ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿನಲ್ಲೇ ತೀರಿಕೊಂಡಾಗಲೂ ಬಂದವರು ಅವರೇ. ಫ್ಯೂನರಲ್ ಹೋಮಿನ ಹಿಂದಿನ ಕೋಣೆಯಲ್ಲಿ ಅಪ್ಪನ ಪಂಚೆ ಹಾಸಿ, ನೀರು ಚಿಮುಕಿಸಿ, ಇಸ್ತ್ರಿ ಹಾಕತೊಡಗಿದರು. ಷರ್ಟಿನದೊಂದು ಗುಂಡಿ ಬಿದ್ದಿತ್ತು. ಡಬ್ಬಿ ತೆರೆದು ಅದನ್ನೂ ಹೊಲಿದರು. ನನಗೋ ಸುಸ್ತು, ಸಿಡುಕು.

"ಬಿಡಿ ಅಂಕಲ್, ಪೆಟ್ಟಿಗೆ ಮುಚ್ಚಿದ್ಮೇಲೆ ಯಾರು ನೋಡ್ತಾರೆ?"

"ಮುಚ್ಚೋ ತನಕ ನಾವು ನೋಡ್ತೀವಲ್ಲಪ್ಪ" ಎಂದರು, ತಲೆಯೆತ್ತದೆ. "ಅಲ್ಲೂ ಹಿಂಗೇ. ನೇವಿ ಹುಡುಗ ಗುಂಡಿ ಹೊಲಿಯೋನು, ಏರ್‌ಫೋರ್ಸ್ ಹುಡುಗಿ ಶೂ ಪಾಲಿಶ್ ಮಾಡೋಳು, ಇಸ್ತ್ರಿ ನಂದು. ಒಬ್ಬರ ಕೈ ನಡುಗಿದ್ರೆ ಇನ್ನೊಬ್ರು ಹಿಡ್ಕೊಳೋರು. ಬಾ, ಆ ಅಂಚು ಹಿಡ್ಕೋ."

ಹಿಡಿದುಕೊಂಡೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಒಂದು ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಅವರನ್ನು ಬಿಡದೆ ವೇದಿಕೆ ಹತ್ತಿಸಿದರು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ನಿರೂಪಕಿ ಪದಕದ ವಿಷಯ ಹೇಳಿ, "ನಮ್ಮ ಒನ್ ಮ್ಯಾನ್ ಆರ್ಮಿ!" ಎಂದು ಕೂಗಿದರು. ಅಂಕಲ್ ಮೈಕು ತೆಗೆದುಕೊಂಡರು.

"ಮೇಡಂ, ಆ ಮೆಡಲ್ ಒಬ್ಬನೇ ಮಾಡಿದ್ದಕ್ಕೆ ಕೊಟ್ಟಿದ್ದಲ್ಲ. ಮೂರು ಕಡೆಯೋರು ಸೇರಿ ಮಾಡಿದ್ದಕ್ಕೆ. ಇಲ್ಲಿ ನಾನೊಬ್ನೇ ಇದೀನಿ. ನಂಗೆ ಸುಸ್ತಾಗಿದೆ. ಶಾಲು ಗೀಲು ಎಲ್ಲ ಯಾಕೆ, ಇಬ್ರೋ ಮೂವರೋ ಜೊತೆಗೆ ಬನ್ನಿ, ಸಾಕು."

ಜೋರಾಗಿ ಚಪ್ಪಾಳೆ ಬಿತ್ತು. ಆಮೇಲೆ ಬಿಸಿಬೇಳೆಬಾತಿಗೆ ಕ್ಯೂ ನಿಂತಿತು. ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅಂಕಲ್ ಮೊದಲ ಸಾಲಿನಲ್ಲಿ ಬಹಳ ಹೊತ್ತು ಕೂತಿದ್ದರು. ಜೊತೆಗೆ ಬರ್ತೀವಿ ಅಂತ ಹೇಳೋಕೆ ನಾವು ಯಾರೂ ಹೋಗಲಿಲ್ಲ.

ಕಳೆದ ಚಳಿಗಾಲ ಅವರೇ ಹೋಗಿಬಿಟ್ಟರು. "ನನ್ನನ್ನ ಎಲ್ಲಿಗೂ ಕಳಿಸ್ಬೇಡ. ಓಡಾಟ ಸಾಕು, ಇಲ್ಲೇ ಮಲಗ್ತೀನಿ" ಎಂದು ಹೆಂಡತಿ ಶಾಹೀನ್ ಆಂಟಿಗೆ ಮೊದಲೇ ಹೇಳಿದ್ದರಂತೆ. ನಾನು ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಮಸೀದಿಗೆ ಓಡಿದೆ. ಆಂಟಿಯ ತಮ್ಮ ಅದನ್ನು ನೋಡಿ ನನ್ನ ಭುಜ ಹಿಡಿದರು.

"ನಮ್ಮಲ್ಲಿ ಬರೀ ಬಿಳಿ ಬಟ್ಟೆ ಸುತ್ತೋದು ಕಣಪ್ಪ. ಷರ್ಟಿಲ್ಲ, ಗುಂಡಿ ಇಲ್ಲ. ಇಸ್ತ್ರಿ ಏನೂ ಬೇಕಾಗಲ್ಲ."

ಮಾಡಲು ಏನೂ ಇಲ್ಲದೆ ನಿಂತುಬಿಟ್ಟೆ. ಅಷ್ಟು ಸಂಕಟ ನನಗೆ ಅಪ್ಪ ಹೋದಾಗಲೂ ಆಗಿರಲಿಲ್ಲ.

ಕಬರಸ್ತಾನಕ್ಕೆ, ಅವರು ಊರಿಗೆ ಕಳಿಸಿಕೊಟ್ಟವರ ಮನೆಯವರೆಲ್ಲ ಬಂದಿದ್ದರು. ಹಿಮದಲ್ಲಿ ಸಾಲಾಗಿ ನಿಂತು, ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿದೆವು. ನೋಡನೋಡುತ್ತಿದ್ದಂತೆ ಕೆಲಸ ಮುಗಿದೇ ಹೋಯಿತು. ಅಷ್ಟೊಂದು ಕೈಗಳಿದ್ದವು. ಅವರು ಕೇಳಿದ್ದು ಇಬ್ಬರನ್ನೋ ಮೂವರನ್ನೋ.