ಮಂಜಿಗೆ ಕಾದ ಅವರೆ

ಏನು ಸಿಕ್ಕರೂ ಮೊದಲು ಮೂಸಿ ನೋಡುವುದು ನನ್ನ ಚಾಳಿ. ಇದಕ್ಕಾಗಿ ಮನೆಯಲ್ಲಿ ಬೈಸಿಕೊಂಡಿದ್ದೇನೆ, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ನಗೆಪಾಟಲಾಗಿದ್ದೇನೆ. ಹೊಸೂರಿನ ಮಾರ್ಕೆಟ್ಟಿನಲ್ಲಿ ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದೆ, ಮೂಸಿದರೆ ಬರೀ ಹಸಿ ವಾಸನೆ. ಬಾಗಲೂರಿನ ಹತ್ತಿರ ನಮ್ಮ ಹೊಲದಲ್ಲಿ ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆಯ ಕಥೆಯೇ ಬೇರೆ. ಕಾಯಿ ಬಿಡಿಸಿದರೆ ಬೆರಳೆಲ್ಲ ಅಂಟು, ಸೋಪು ಹಾಕಿ ತೊಳೆದರೂ ಹೋಗದ ಸೊಗಡು.

ಇದಕ್ಕೇಕೆ ಸೊಗಡು, ಅದಕ್ಕೇಕಿಲ್ಲ? ಅಮ್ಮನನ್ನು ಕೇಳಿದೆ.

"ಮಂಜು ಬೀಳ್ಬೇಕು ಕಣ್ಲಾ. ಮಂಜು ಬಿದ್ರೆ ಸೊಗಡು ಬತ್ತದೆ."

ಅಷ್ಟಕ್ಕೆ ಸುಮ್ಮನಾಗುವ ಆಸಾಮಿ ನಾನಲ್ಲ. ಒಂದು ವರ್ಷ ಅಂಗಡಿಯ ಬೀಜವನ್ನೂ ಒಂದು ಸಾಲು ಬಿತ್ತಿದೆ, ಚಳಿಗಾಲಕ್ಕೆ ಕಾಯಿ ಬರುವ ಹಾಗೆ ತಡಮಾಡಿಯೇ ಬಿತ್ತಿದೆ. ಎರಡರ ಮೇಲೂ ಒಂದೇ ಮಂಜು ಬಿತ್ತು. ಸೊಗಡು ಬಂದದ್ದು ನಮ್ಮದಕ್ಕೆ ಮಾತ್ರ.

"ಹಂಗಾದ್ರೆ ಮಂಜಿಗೂ ಗುರ್ತು ಸಿಗ್ತದೆ ಬುಡು," ಎಂದು ಅಮ್ಮ ಬೀಗಿದಳು. ಆ ಬೀಜ ಅವಳು ಮದುವೆಯಾಗಿ ಬರುವಾಗ ಜೂಜುವಾಡಿಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ತವರಿನ ಹೊಲದಲ್ಲಿ ಈಗ ಲಾರಿಗಳು ನಿಲ್ಲುತ್ತವೆ.

ಹೋದ ವರ್ಷ ಬೇಸಿಗೆಯಲ್ಲಿ ನೆಂಟರು ಬಂದರು. ಅಮ್ಮ ಒಣ ಅವರೆ ನೆನೆಹಾಕಿ, ಒಂದೊಂದನ್ನೇ ಹಿತಕಿ ಸಿಪ್ಪೆ ತೆಗೆದು, ಹಿತಕಿದ ಬೇಳೆ ಸಾರು ಮಾಡಿದಳು. ಎಲ್ಲರೂ ಬೆರಳು ಚೀಪಿದೆವು. ಸಂಜೆ ಡಬ್ಬಿ ಎತ್ತಿಡುವಾಗ ಅವಳ ಮುಖ ಕಪ್ಪಿಟ್ಟಿತು. ಬಿತ್ತನೆಯ ಅವರೆ, ಅಂಗಡಿಯ ಅವರೆ ಎರಡನ್ನೂ ಅವಳು ಫ್ಯಾಕ್ಟರಿಯಲ್ಲಿ ದೀಪಾವಳಿಗೆ ಕೊಟ್ಟ ಒಂದೇ ಥರದ ಡಬ್ಬಿಗಳಲ್ಲಿ ಇಟ್ಟಿದ್ದಳು. ನಾವು ತಿಂದದ್ದು ಬಿತ್ತನೆಯದು, ಕೊನೆಯ ಕಾಳಿನವರೆಗೆ.

"ನಮ್ಮವ್ವ ಕೊಟ್ಟಿದ್ದನ್ನ ನಾನೇ ಬೇಯ್ಸಾಕ್ಬುಟ್ನಲ್ಲಾ," ಎಂದು ಅತ್ತಳು. ಸಾರಿನ ರುಚಿ ಇನ್ನೂ ನನ್ನ ಬಾಯಲ್ಲೇ ಇತ್ತು.

ಅಳು ಕೇಳಿ ಹಿತ್ತಲ ಬೇಲಿಯಾಚೆಯ ತೆಲುಗಿನ ಅಕ್ಕ ಬಂದರು. ವಿಷಯ ತಿಳಿದು ವಾಪಸು ಹೋಗಿ, ತಮ್ಮ ಅಡುಗೆಮನೆಯ ಸೂರಿಗೆ ನೇತುಹಾಕಿದ್ದ ಒಣ ಅವರೆಕಾಯಿಯ ಗೊಂಚಲು ತಂದರು. "ಮೀರಿಚ್ಚಿಂದೇ ಗದಕ್ಕಾ," ನೀವೇ ಕೊಟ್ಟದ್ದಲ್ಲವೇ ಎಂದರು. ಯಾವಾಗ ಕೊಟ್ಟದ್ದೋ, ಅಮ್ಮನಿಗೆ ನೆನಪೇ ಇಲ್ಲ. ಬಿಡಿಸಿದರೆ ನಮ್ಮ ಬಿಳಿ ಕಾಳಿನ ಜೊತೆ ಕೆಂಪು ಕಾಳೂ ಇದ್ದವು. ಅವರ ಬೇಲಿಯಲ್ಲಿ ಬೇರೆ ಅವರೆಯೂ ಇತ್ತಂತೆ. ಜೇನುಹುಳ ಎರಡಕ್ಕೂ ಸಂಬಂಧ ಕುದುರಿಸಿತ್ತೋ ಏನೋ.

"ಇದು ನಮ್ದೇನಾ?" ಅಮ್ಮನಿಗೆ ಅನುಮಾನ. ಒಣ ಕಾಳನ್ನು ಎಷ್ಟು ಮೂಸಿದರೂ ನನಗೆ ಏನೂ ಗೊತ್ತಾಗಲಿಲ್ಲ. ಬಿತ್ತಿ ಕಾಯುವುದೊಂದೇ ದಾರಿ.

ಮಳೆ ಬಂತು, ರಾಗಿ ತೆನೆ ಕಟ್ಟಿತು. ಅವರೆ ಬಳ್ಳಿ ಹಬ್ಬಿತೇ ಹೊರತು ಹೂವಿನ ಸುಳಿವಿಲ್ಲ. ಅಂಗಡಿಯದು ಯಾವಾಗ ಬಿತ್ತಿದರೂ ಹೂ ಬಿಡುತ್ತದೆ, ನಮ್ಮದು ಹಗಲು ಗಿಡ್ಡವಾಗುವವರೆಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಆ ಹಟ ನೋಡಿಯೇ ನನಗೆ ಅರ್ಧ ಧೈರ್ಯ ಬಂತು.

ಮಾರ್ಗಶಿರದ ಒಂದು ಬೆಳಿಗ್ಗೆ ಶಿಫ್ಟ್ ಮುಗಿಸಿ ನೇರ ಹೊಲಕ್ಕೆ ಹೋದೆ. ಅಮ್ಮ ಆಗಲೇ ಅಲ್ಲಿದ್ದಳು, ಮಂಜಿಗೆ ಸೀರೆಯ ಅಂಚೆಲ್ಲ ಒದ್ದೆ. ತನ್ನ ಬೆರಳುಗಳನ್ನು ನನ್ನ ಮೂಗಿಗೆ ಹಿಡಿದಳು. ಅದೇ ಸೊಗಡು! ನಾನು ನಕ್ಕೆ, ಅವಳು ಕಣ್ಣೊರೆಸಿಕೊಂಡಳು. ಕೆಂಪು ಕಾಳಿನ ಬಳ್ಳಿಗಳಲ್ಲಿ ಅದು ಇನ್ನೂ ಜೋರಾಗಿತ್ತು. ಅದೇಕೆಂದು ನನಗಿನ್ನೂ ಗೊತ್ತಾಗಿಲ್ಲ, ಹುಡುಕುತ್ತಲೇ ಇದ್ದೇನೆ.

ಈಗ ಅಮ್ಮ ಮತ್ತಿಗಿರಿಯ ಚಿಕ್ಕಮ್ಮನಿಗೆ, ಎದುರು ಮನೆಯ ತಮಿಳರಿಗೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹಿಡಿ ಹಿಡಿ ಬೀಜ ಹಂಚುತ್ತಿದ್ದಾಳೆ.

"ಎಲ್ಲಾ ಕೊಟ್ಬುಟ್ರೆ ನಮ್ಗೇನಮ್ಮ?" ಎಂದೆ.

"ನಮ್ಮನೇಲೊಂದೇ ಇದ್ರೆ ಇನ್ನೊಂದ್ ಸಲ ಬೇಯ್ಸಾಕ್ಬುಡ್ತೀನಿ ಕಣ್ಲಾ."