ಐವತ್ತೈದು ಕಿಲೋದಲ್ಲಿ ಸಿಕ್ಕಿಕೊಂಡದ್ದು

ಮುನಿರ್ಕಾದ ಆ ನೆಲಮಾಳಿಗೆಯ ಜಿಮ್‌ಗೆ ನಾನು ಸೇರಿದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಬರೀ ಹಟಕ್ಕೆ. ವಸಂತ್ ಕುಂಜ್‌ನ ನಮ್ಮ ಬ್ಲಾಕಿನ ಹೆಂಗಸರು ಬೆಳಿಗ್ಗೆ ಪಾರ್ಕಿನಲ್ಲಿ ಸಾಲಾಗಿ ನಿಂತು ಜೋರಾಗಿ ನಗುವ ವ್ಯಾಯಾಮ ಮಾಡುತ್ತಿದ್ದರು. ನಗು ಬರದಿದ್ದರೂ ನಗುವ ಕರ್ಮ ನನಗೇಕೆ ಎಂದು ಆಟೋ ಹತ್ತಿ ಅಲ್ಲಿಗೆ ಹೋದೆ. ಟ್ರೈನರ್ ಹರಿಯಾಣದ ಹುಡುಗಿ, ಹಿಂದೆ ಸ್ಪರ್ಧೆಗಳಲ್ಲಿ ಭಾರ ಎತ್ತಿದವಳು. ನನ್ನನ್ನು ದೀದಿ ಎನ್ನುತ್ತಿದ್ದಳು. ಬೇರೆಲ್ಲ ಕಡೆ ಆಂಟಿಯಾಗಿಬಿಟ್ಟಿದ್ದ ನನಗೆ ಅಷ್ಟಕ್ಕೇ ಅವಳು ಇಷ್ಟವಾದಳು.

ಹೊಸಬರಿಗೆಲ್ಲ ಅವಳದು ಒಂದೇ ಪಾಠ. ವಾರಕ್ಕೆ ಮೂರು ದಿನ ಬರಬೇಕು, ಹೆಗಲ ಮೇಲೆ ಕಬ್ಬಿಣದ ಬಾರ್ ಹೊತ್ತು ಕುಕ್ಕರಗಾಲಿನವರೆಗೆ ಇಳಿದು ಏಳಬೇಕು, ಐದೈದರಂತೆ ಮೂರು ಸೆಟ್. ಪ್ರತಿ ಸಲ ಬಂದಾಗಲೂ ಹಿಂದಿನದಕ್ಕಿಂತ ಒಂದು ಕಿಲೋ ಹೆಚ್ಚು. ಇಪ್ಪತ್ತು ಕಿಲೋದ ಬರಿ ಬಾರ್‌ನಿಂದ ಶುರು ಮಾಡಿದವಳು ಮೂರು ತಿಂಗಳಲ್ಲಿ ಐವತ್ತೈದಕ್ಕೆ ಬಂದೆ. ಬದುಕಿನಲ್ಲಿ ಒಂದಾದರೂ ಮುಂದೆ ಹೋಗುತ್ತಿದೆಯಲ್ಲ ಎಂದು ಬಹಳ ಖುಷಿಯಾಗುತ್ತಿತ್ತು.

ಏಕೆಂದರೆ ಬೇರೆ ಯಾವುದೂ ಹೋಗುತ್ತಿರಲಿಲ್ಲ. ನನ್ನ ಗಂಡ ಸೇನೆಯಿಂದ ನಿವೃತ್ತರಾದಾಗ, ಗುರುಗ್ರಾಮದ ಒಂದು ಕಂಪನಿಯಲ್ಲಿ ಎರಡೇ ವರ್ಷ ಕೆಲಸ, ಆಮೇಲೆ ಮೈಸೂರು ಎಂದಿದ್ದರು. ಆಗಲೇ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಮೈಸೂರಿನಲ್ಲಿ ನನ್ನ ಅಕ್ಕ ತನ್ನ ಮನೆಯ ಮಹಡಿಯನ್ನು ನಮಗಾಗಿ ಖಾಲಿ ಇಟ್ಟುಕೊಂಡು, ಕೇಳಿ ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದಳು. ಮದುವೆಯಾದಂದಿನಿಂದ ಹನ್ನೆರಡು ಊರು ಕಂಡವಳು ನಾನು. ಎಲ್ಲ ಕಡೆ ಏನಾದರೊಂದು ಶುರು ಮಾಡಿದ್ದೇನೆ, ಏನನ್ನೂ ಮುಗಿಸಿಲ್ಲ. ವೀಣೆಯಲ್ಲಿ ಸರಳೆ ವರಸೆ ಮುಗಿದು ಜಂಟಿ ವರಸೆ ಹಿಡಿಯುವ ಹೊತ್ತಿಗೆ ಪೋಸ್ಟಿಂಗ್ ಆರ್ಡರ್ ಬರುತ್ತಿತ್ತು. ಹೊಸ ಊರಿನ ಮೇಷ್ಟರು ಮತ್ತೆ ಸರಳೆಯಿಂದಲೇ ಹಿಡಿಸುತ್ತಿದ್ದರು. ಮೂರು ಊರಲ್ಲಿ ಹೀಗಾದ ಮೇಲೆ ವೀಣೆಯನ್ನು ಯಾರಿಗೋ ಕೊಟ್ಟುಬಿಟ್ಟೆ.

ಐವತ್ತೈದು ಕಿಲೋದಲ್ಲಿ ನಾನು ನಿಂತುಹೋದೆ. ನಾಲ್ಕು ಸಲ ಏಳುತ್ತಿದ್ದೆ, ಐದನೆಯದು ಮಾತ್ರ ಜಪ್ಪಯ್ಯ ಎಂದರೂ ಆಗುತ್ತಿರಲಿಲ್ಲ. ಮೂರು ದಿನ ಸೋತರೆ ಐವತ್ತಕ್ಕೆ ಇಳಿಸಿ ಮತ್ತೆ ಹತ್ತಬೇಕೆಂಬುದು ಅವಳ ನಿಯಮ. ಇಳಿಸಿದೆ. ಐವತ್ತೊಂದು, ಐವತ್ತೆರಡು, ಎಲ್ಲ ಸಲೀಸು. ಮತ್ತೆ ಐವತ್ತೈದು, ಮತ್ತೆ ಅದೇ ರಾಗ. ಚಳಿಗಾಲದಲ್ಲಿ ನಾಲ್ಕು ಸಲ ಹೀಗೇ ಆಯಿತು, ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ತಮಾಷೆಯೆಂದರೆ ನನಗೆ ಬೇಸರವೇ ಆಗುತ್ತಿರಲಿಲ್ಲ. ಇಳಿಸಿ ಮತ್ತೆ ಶುರು ಮಾಡುವುದು ನನಗೆ ಹೊಸ ಪೋಸ್ಟಿಂಗ್ ಇದ್ದ ಹಾಗೆ. ಮೊದಲ ಕೆಲವು ದಿನ ಎಲ್ಲ ಚೆನ್ನಾಗಿಯೇ ಇರುತ್ತದೆ.

ಜನವರಿಯಲ್ಲಿ ಟ್ರೈನರ್‌ಗೆ ಸಾಕಾಯಿತು. ನಿಮ್ಮ ಹೊಸಬರ ಪಾಠ ಮುಗಿದು ಎಷ್ಟೋ ದಿನವಾಯಿತು, ಇನ್ನು ಬಂದಾಗಲೆಲ್ಲ ಭಾರ ಏರುವುದಿಲ್ಲ ಎಂದಳು. ಮುಂದಿನ ಪಾಠದಲ್ಲಿ ಸೋಮವಾರ ಹೆಚ್ಚು ಸೆಟ್ ಮಾಡಿ ದಣಿಯಬೇಕು, ಬುಧವಾರ ಹಗುರ, ಶುಕ್ರವಾರ ಒಂದೇ ಒಂದು ಸೆಟ್, ಅದೂ ಹಿಂದಿನ ಶುಕ್ರವಾರಕ್ಕಿಂತ ಒಂದೇ ಕಿಲೋ ಹೆಚ್ಚು. ಎಷ್ಟೋ ವಾರ ಅದೂ ಏರದು. ಇದಕ್ಕೆ ಒಂದು ವರ್ಷದ ಲೆಕ್ಕ ಹಾಕಿ ಬರೆದುಕೊಡಬೇಕು ಎಂದಳು. ವರ್ಷವೆಲ್ಲ ಬೇಡ, ಹೋಳಿ ಹೊತ್ತಿಗೆ ನಾವು ಊರಿಗೆ ಹೊರಡುತ್ತೇವೆ ಎಂದೆ.

“ದೀದಿ, ರಾಖಿ ಹಬ್ಬದಲ್ಲಿ ದೀವಾಲಿಗೆ ಹೋಗ್ತೀನಿ ಅಂದ್ರಿ. ದೀವಾಲಿಯಲ್ಲಿ ಹೋಳಿಗೆ ಅಂದ್ರಿ,” ಎಂದಳು ತನ್ನ ಹಿಂದಿಯಲ್ಲಿ. “ಇರ್ತೀರೋ, ಹೋಗ್ತೀರೋ? ಮೊದಲು ಅದನ್ನ ಹೇಳಿ.”

ನನಗೆ ಮೈಯೆಲ್ಲ ಉರಿಯಿತು. ಪುಣೆಯಲ್ಲಿ ಓದುತ್ತಿರುವ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಇವಳಿಗೇಕೆ ಈ ಅಧಿಕಪ್ರಸಂಗ ಎಂದುಕೊಂಡೆ. ಆದರೆ ಸಂಜೆ ಗಂಡ ಆಫೀಸಿನಿಂದ ಬಂದು ಬೂಟು ಬಿಚ್ಚುತ್ತಿದ್ದಾಗ, ಅವಳ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. ಅವರು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ನವೆಂಬರಿನಲ್ಲೇ ಕಂಪನಿಗೆ ಇನ್ನೂ ಐದು ವರ್ಷಕ್ಕೆ ಸಹಿ ಹಾಕಿ ಆಗಿತ್ತಂತೆ. ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಹೇಳಿರಲಿಲ್ಲವಂತೆ. ಅಕ್ಕನಿಗೆ ಏನು ಹೇಳಲಿ ಎಂದು ಕೇಳಿದೆ.

“ಅಲ್ಲಿ ನಾನು ಯಾರು, ಹೇಳು,” ಎಂದರು. “ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?”

ಜಗಳಕ್ಕೆ ಸಿದ್ಧಳಾಗಿದ್ದವಳಿಗೆ ಪಾಪ ಅನಿಸಿಬಿಟ್ಟಿತು. ಪಾಪ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಹೆದರಿದ ಮನುಷ್ಯನ ಜೊತೆ ಹೇಗೆ ಜಗಳವಾಡುವುದು? ಅಂಥ ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡು ಆ ರಾತ್ರಿ ಮಲಗಿದೆ.

ಒಂದು ದಿನ ಬಿಟ್ಟು ಜಿಮ್‌ನಲ್ಲಿ ಐವತ್ತೈದು ಹಾಕಿಸಿ ಬಾರ್ ಕೆಳಗೆ ಹೋದೆ. ಅಂದು ಐದನೆಯದರವರೆಗೆ ಹೋಗಲೇ ಇಲ್ಲ, ಮೊದಲನೆಯದಕ್ಕೇ ಇಳಿದವಳು ಏಳಲಿಲ್ಲ. ಹೀಗಾದರೆ ತಡೆಯಲೆಂದೇ ಎರಡೂ ಬದಿಗೆ ಅಡ್ಡ ಕಂಬಿಗಳಿರುತ್ತವೆ, ಬಾರ್ ಅವುಗಳ ಮೇಲೆ ಕೂತಿತು. ನಾನು ಅದರ ಕೆಳಗೆ ಮಂಡಿಯೂರಿ ಕೂತೆ. ನುಸುಳಿ ಬರಬಹುದಿತ್ತು, ಬರಲಿಲ್ಲ. ಐದು ವರ್ಷ, ಐದು ವರ್ಷ ಎಂದು ಕನ್ನಡದಲ್ಲಿ ಹೇಳಿಕೊಂಡು ಅತ್ತೆ. ಅಷ್ಟು ಜನರ ಮುಂದೆ ನಾನು ಎಂದೂ ಅತ್ತಿರಲಿಲ್ಲ. ಟ್ರೈನರ್ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು.

“ಬಾರ್ ಈಗ ಕಂಬಿ ಮೇಲಿದೆ, ದೀದಿ. ನಿಮ್ಮ ಮೇಲೆ ಏನೂ ಇಲ್ಲ,” ಎಂದಳು. “ಹೊರಗೆ ಬನ್ನಿ.”

ಬಂದೆ. ಮೂಗು ಒರೆಸಿಕೊಂಡು, ಒಂದು ವರ್ಷದ ಲೆಕ್ಕ ಬರೆದುಕೊಡು ಎಂದೆ. ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ, ಮಹಡಿಯನ್ನು ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆಗೆ ಕೊಟ್ಟುಬಿಡು, ಅದು ಮುಗಿಯುತ್ತಲೇ ನಾನು ಬರುತ್ತೇನೆ ಎಂದೆ. ಅವಳು, ಆಯಿತು, ಮಕ್ಕಳಿಲ್ಲದವರಿಗೆ ಕೊಡುತ್ತೇನೆ, ಗೋಡೆ ಹಾಳಾಗುವುದಿಲ್ಲ ಎಂದಳು.

ಹೊಸ ಪಾಠದಲ್ಲಿ ನನ್ನನ್ನು ಸತಾಯಿಸಿದ್ದು ಬುಧವಾರ. ಮೈಯಲ್ಲಿ ಇನ್ನೂ ಶಕ್ತಿ ಇರುವಾಗಲೇ ಸಾಕು, ಮನೆಗೆ ಹೋಗಿ ಎನ್ನುತ್ತಿದ್ದಳು. ಎರಡು ಶುಕ್ರವಾರ ಏನೂ ಏರಲಿಲ್ಲ, ಗೊಣಗಿದೆ. ಮೂರನೆಯ ಶುಕ್ರವಾರ ಐವತ್ತಾರು ಕಿಲೋ ಹೊತ್ತು ಐದು ಸಲವೂ ಎದ್ದೆ. ಮನೆಗೆ ಬಂದು ಊಟ ಬಡಿಸಿ, ಗಂಡನಿಗೆ ಹೇಳಿದೆ.

“ಮುಂದಿನ ಜನವರಿಗೆ ನಾನು ಮೈಸೂರಿಗೆ ಹೋಗ್ತೀನ್ರೀ. ನಿಮ್ಮನ್ನ ಬನ್ನಿ ಅಂತ ಎಳೆಯಲ್ಲ.”

“ಒಬ್ಬಳೇ ಹೋಗ್ತೀಯಾ?” ಎಂದರು.

ಸಂಸಾರವನ್ನು ಕರೆದೊಯ್ಯುವಂತಿಲ್ಲದ ಗಡಿಯ ಪೋಸ್ಟಿಂಗ್‌ಗಳಿಗೆ ಅವರು ಆರು ಸಲ ಹೋಗಿದ್ದರು. ಒಬ್ಬರೇ ಹೋಗ್ತೀರಾ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಯಾವಾಗ ಬರ್ತೀರಿ ಎಂದಷ್ಟೇ ಕೇಳುತ್ತಿದ್ದೆ. ಅವರೂ ಅದನ್ನು ಕೇಳಲಿ ಎಂದು ಕಾದೆ. ಅವರು ಕಲಸಿದ ಅನ್ನ ಕೈಯಲ್ಲೇ ಒಣಗುವವರೆಗೆ ತಟ್ಟೆ ನೋಡುತ್ತ ಕೂತಿದ್ದರು, ಕೇಳಲಿಲ್ಲ.